ಫ್ಯಾನ್ ಬೆಲ್ಟು ಮತ್ತು ದೇವರ ಹಾಡು

ನಮ್ಮ ಹಳೇ ಕಾರು ಕೀಂ ಅನ್ನೋಕೆ ಶುರು ಮಾಡಿದ್ದು ಒಂದು ಸೋಮವಾರ. ನಾವಿರೋದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಲ್ಲಿ, ಅಲ್ಲಿಂದ ಆಫೀಸಿಗೆ ನಲವತ್ತು ನಿಮಿಷದ ದಾರಿ, ದಾರಿಯುದ್ದಕ್ಕೂ ಮುಂದ್ಗಡೆ ಎಲ್ಲೋ ಸಣ್ಣಗೆ ಕೀಂ ಕೀಂ, ಸ್ವಲ್ಪ ಹೊತ್ತು ಬರುತ್ತೆ ಸ್ವಲ್ಪ ಹೊತ್ತು ಇರಲ್ಲ, ಸಿಗ್ನಲ್ಲಲ್ಲಿ ನಿಂತ್ರೂ ಬರುತ್ತೆ, ಕೀ ತಿರುಗಿಸಿ ಆಫ್ ಮಾಡಿದ್ ತಕ್ಷಣ ಮಾಯ. ಫ್ಯಾನ್ ಬೆಲ್ಟೇ ಅಂತ ತೀರ್ಮಾನ ಮಾಡ್ದೆ, ಯಾಕಂದ್ರೆ ಕಾರಿನ ಬಗ್ಗೆ ನಂಗೆ ಗೊತ್ತಿರೋ ಒಂದೇ ಪಾರ್ಟು ಅದು. ಶನಿವಾರ ಗ್ಯಾರೇಜಿಗೆ ತಗೊಂಡೋದೆ. ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಬೆಲ್ಟ್ ಎಳೆದು ನೋಡಿ, ಏನೂ ಇಲ್ಲ ಅಂದ. ಇದೆ ಮಾರಾಯ, ನೀನೇ ಬಾ ಅಂತ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹೊಡ್ದೆ. ಎರಡನೇ ತಿರುವಲ್ಲಿ ಸರಿಯಾಗಿ ಕೀಂ ಅಂತು. ನೋಡ್ದಾ ಅಂತ ಕೇಸ್ ಗೆದ್ದೋನ ಥರ ಅವನ ಮುಖ ನೋಡಿದ್ರೆ, ಅವನು ಏನೂ ಮಾತಾಡ್ದೆ ಕೈ ಚಾಚಿ ಸಿಡಿ ಪ್ಲೇಯರಿನ ವಾಲ್ಯೂಮ್ ತಿರುಗಿಸ್ದ. ಕೀಂ ಜೋರಾಯ್ತು. ಅದರ ಹಿಂದೆ ಡ್ರಮ್ಮು ಬಂತು, ಗಿಟಾರ್ ಬಂತು, ನಾಲ್ಕೈದು ಜನ ಕೋರಸ್ಸು ಬಂತು.

ಭಾನುವಾರ ನಾನೇ ಹಾಕಿ, ಯಾವುದೋ ಫೋನ್ ಬಂತು ಅಂತ ವಾಲ್ಯೂಮ್ ಎರಡಕ್ಕಿಳಿಸಿ ಮರ್ತಿದ್ದ ಸಿಡಿ ಅದು. ಚೆಕ್ ಮಾಡಿದ್ದಕ್ಕೆ 90 ಡಾಲರ್ ಇಸ್ಕೊಂಡ, ಬಿಲ್ಲಲ್ಲಿ ಏನಂತ ಬರೆದಿದ್ದ ಅಂತ ನೋಡೋ ಧೈರ್ಯ ನಂಗೆ ಇವತ್ತಿಗೂ ಆಗಿಲ್ಲ.

ಆ ಸಿಡಿ ಲೈಬ್ರರಿಯವರು ಹಳೇ ಸಾಮಾನು ಮಾರುವಾಗ ಒಂದು ಡಾಲರಿಗೆ ತಂದಿದ್ದು. ಮೇಲೆ ಡೇನಿಯಲ್‌ಸನ್ ಫ್ಯಾಮಿಲಿ ಅಂತಿತ್ತು, ಆದ್ರೆ ಇಂಗ್ಲಿಷಲ್ಲಿ ಫ್ಯಾಮಿಲಿ ಅನ್ನೋಕೆ ಕೊನೇಲಿ ವೈ ಬದಲು ಇ ಹಾಕಿದ್ರು. ನಾನು ಅರಸೀಕೆರೆಯೋನು, ಫ್ಯಾಮಿಲಿ ರೂಮ್ ಅನ್ನೋದನ್ನ ಇಂಗ್ಲಿಷಲ್ಲಿ ಹನ್ನೊಂದು ಥರ ಬರೆದಿರೋ ಬೋರ್ಡುಗಳ ಕೆಳಗೆ ಮಸಾಲೆದೋಸೆ ತಿಂದು ಬೆಳೆದೋನು, ಸ್ಪೆಲ್ಲಿಂಗ್ ತಪ್ಪಿದ್ರೆ ಒಳಗಡೆ ಐಟಂ ಚೆನ್ನಾಗಿರುತ್ತೆ ಅನ್ನೋದು ನನ್ನ ಅನುಭವ. ತಗೊಂಡ್ಬಂದೆ. ಹಾಕಿ ಮೂರು ನಿಮಿಷ ಆಗಿರ್ಲಿಲ್ಲ, ಹೆಂಡತಿ ಅಡುಗೆಮನೆಯಿಂದ ಓಡ್ಬಂದು "ರೀ, ಮಗು ಎಲ್ಲಿ? ಬಾಗಿಲಿಗೆ ಬೆರಳು ಸಿಕ್ಕಾಕ್ಕೊಂಡ್ಲಾ?" ಅಂದ್ಲು. ಮಗಳು ನನ್ ಪಕ್ಕಾನೇ ಕೂತು ಕಿವಿ ಮುಚ್ಕೊಂಡಿದ್ಲು.

ಹಾಡೋನ ಹೆಸರು ಡೇನಿಯಲ್ ಸ್ಮಿತ್. ನಮ್ಮ ನ್ಯೂಜೆರ್ಸಿಯೋನೇ, ಕೆಳಗಡೆ ಗ್ಲೌಸ್ಟರ್ ಕೌಂಟಿಯ ಕ್ಲಾರ್ಕ್ಸ್‌ಬರೊ ಅನ್ನೋ ಸಣ್ಣ ಊರು. ಪಕ್ಕಾ ಕ್ರಿಶ್ಚಿಯನ್, ದೇವರ ಮೇಲೇ ಹಾಡು ಕಟ್ಟೋದು, ಆದ್ರೆ ಧ್ವನಿ ಮಾತ್ರ ಗಂಡಸರ ಗಂಟಲಿಗೆ ಎಷ್ಟು ಮೇಲೆ ಹೋಗೋಕಾಗುತ್ತೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ರಟ್ಗರ್ಸ್ ಯೂನಿವರ್ಸಿಟೀಲಿ ಆರ್ಟ್ ಓದ್ತಿದ್ದಾಗ ಥೀಸಿಸ್ ಕೊಡಪ್ಪ ಅಂದ್ರೆ ಪುಸ್ತಕ ಬರೆಯೋ ಬದಲು ತಮ್ಮ ತಂಗಿಯರನ್ನೆಲ್ಲ ಕರ್ಕೊಂಬಂದು ಗಂಟೆಗೊಂದು ಪ್ರಾರ್ಥನೆ ಅಂತ 24 ಹಾಡು ಹಾಡಿಸ್ಬಿಟ್ಟ, ಎ ಗ್ರೇಡೂ ಬಂತಂತೆ, 1995ರಲ್ಲಿ ಅದೇ ಅವರ ಮೊದಲನೇ ಆಲ್ಬಮ್ ಆಯ್ತು. ನಾನು ಎಂಎಸ್ ಮಾಡುವಾಗ ಪ್ರಾಜೆಕ್ಟ್ ರಿಪೋರ್ಟಿನ ಮಾರ್ಜಿನ್ ಸರಿಯಿಲ್ಲ ಅಂತ ವಾಪಸ್ ಬಂದಿತ್ತು, ಅದು ಬಿಡಿ.

ಮೊದಮೊದ್ಲು ಇದೇನು ಗೋಳು ಅನ್ಸುತ್ತೆ. ನಾಲ್ಕನೇ ಸಲಕ್ಕೆ ಗೊತ್ತಾಗುತ್ತೆ ಇವರಿಗೆ ಹಾಡೋಕೆ ಬರಲ್ಲ ಅಂತಲ್ಲ, ಬೇಕಂತಲೇ ಇಷ್ಟು ಎತ್ತರದ ಶ್ರುತಿ ಹಿಡಿದಿದ್ದಾರೆ ಅಂತ, ತಾಳ ನೋಡಿದ್ರೆ ಎಣಿಸೋಕೆ ಬೆರಳು ಸಾಲಲ್ಲ, ನಡುವೆ ಚಪ್ಪಾಳೆ, ಗಂಟೆ, ತಂಗೀರು ಹಿಂದ್ಗಡೆಯಿಂದ ಸ್ಕೂಲ್ ಪ್ರೇಯರ್ ಥರ ಎಳೀತಿರ್ತಾರೆ. ದೇವರ ಮುಂದೆ ನಾಚಿಕೆ ಬಿಟ್ಟು ನಿಂತೋರ ಹಾಡು ಅದು. ನಂಗೆ ಭಾಳ ಇಷ್ಟ ಆಗೋಯ್ತು. ನಾನು ಕ್ರಿಶ್ಚಿಯನ್ ಅಲ್ಲ, ವರ್ಷಕ್ಕೊಂದ್ಸಲ ಗಣೇಶನ್ನ ಕೂರ್ಸೋದು ಬಿಟ್ರೆ ಹಿಂದೂ ಅಂತಾನೂ ಜೋರಾಗಿ ಹೇಳ್ಕೊಳೋ ಹಾಗಿಲ್ಲ, ಆದ್ರೂ.

ತೊಂದ್ರೆ ಇದ್ದಿದ್ದು ಇದನ್ನ ಯಾರ್ ಹತ್ರ ಹೇಳ್ಕೊಳೋದು ಅಂತ. ಆಫೀಸಲ್ಲಿ ಒಬ್ರು ಹಿರಿಯರು, ಚರ್ಚಲ್ಲಿ ಪ್ರತೀ ಭಾನುವಾರ ಹಾಡಿಸೋರು. ಇವರಿಗೆ ಖುಷಿಯಾಗುತ್ತೆ ಅಂತ ಶುಕ್ರವಾರ ಲಿಂಕ್ ಕಳಿಸ್ದೆ. ಸೋಮವಾರ ಬಂದೋರು ನನ್ ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ, ನಿನಗೋಸ್ಕರ ಪ್ರಾರ್ಥನೆ ಮಾಡಿದೀನಿ ಅಂದ್ರು. ಯೇಸುವಿನ ಹಾಡು ಕೇಳಿದ್ದಕ್ಕೆ ಕ್ರಿಶ್ಚಿಯನ್ನರಿಂದಲೇ ಹೀಗೆ ಪ್ರಾರ್ಥನೆ ಮಾಡಿಸ್ಕೊಂಡ ಹಿಂದೂ ನಾನೊಬ್ನೇ ಇರ್ಬೇಕು. ಆದ್ರೆ ನಂಗೂ ಒಂದು ಅಸ್ತ್ರ ಸಿಕ್ತು. ಇವರ ಚರ್ಚಲ್ಲಿ ವರ್ಷಗಟ್ಲೆ ಕಣ್ಮುಚ್ಕೊಂಡು ಹಾಡೋ ಹಾಡೊಂದಿದೆ, ನಮ್ಮ ದೇವರೇ ಆಳ್ತಾನೆ ಅನ್ನೋ ಅರ್ಥದ್ದು, ಲೋಕದಲ್ಲೆಲ್ಲ ಚರ್ಚುಗಳಲ್ಲಿ ಹಾಡ್ತಾರೆ. 1970ರ ದಶಕದಲ್ಲಿ ಅದನ್ನ ಬರ್ದಿದ್ದು ಲೆನ್ನಿ ಸ್ಮಿತ್, ಈ ಕೀಂ ಅನ್ನೋ ಡೇನಿಯಲ್ಲಿನ ಅಪ್ಪ. ಕಾಫಿ ಮಷಿನ್ ಹತ್ರ ಹೇಳ್ದೆ. ಹಿರಿಯರು ಕಪ್ ಹಿಡ್ಕೊಂಡು ಸುಮಾರ್ ಹೊತ್ತು ನಿಂತಿದ್ರು, ಆಮೇಲೆ "ಪಾಪ, ಆ ಅಪ್ಪ" ಅಂದ್ಬಿಟ್ಟು ಹೋದ್ರು.

ಇನ್ನು ರಾಕ್ ಕೇಳೋ ಹುಡುಗ್ರತ್ರ ಹೋದ್ರೆ, ಹಾಡೆಲ್ಲ ಓಕೆ ಗುರು, ಆದ್ರೆ ಇದು ಚರ್ಚಲ್ವಾ ಅಂತಾರೆ. ಈ ಜಗಳ ಇವತ್ತಿಂದಲ್ಲ. ಲ್ಯಾರಿ ನಾರ್ಮನ್ ಅಂತ ಉದ್ದ ಬಿಳೀ ಕೂದಲಿನ ಆಸಾಮಿ 1969ರಲ್ಲೇ ರಾಕ್ ಹಾಡಲ್ಲಿ ಯೇಸುವನ್ನ ತಂದಾಗ, ಚರ್ಚಿನೋರಿಗೆ ಕೂದಲು ಆಗ್ಲಿಲ್ಲ, ರಾಕಿನೋರಿಗೆ ಯೇಸು ಆಗ್ಲಿಲ್ಲ. ಅವನ 1972ರ ಆಲ್ಬಮ್ಮನ್ನ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅನ್ನೋ ದೊಡ್ಡ ಸರ್ಕಾರಿ ಗ್ರಂಥಾಲಯದೋರು ಕಾಪಾಡ್ಬೇಕಾದ ರೆಕಾರ್ಡು ಅಂತ ಪಟ್ಟಿಗೆ ಸೇರಿಸಿದ್ದು ಅವನು ಸತ್ತು ಐದಾರು ವರ್ಷ ಆದ್ಮೇಲೆ.

ಅಷ್ಟರಲ್ಲಿ ನನ್ನ ಕಾಯಿಲೆ ಹಬ್ಬಿತ್ತು. ಸೂಫಿಯಾನ್ ಸ್ಟೀವನ್ಸ್ ಸಿಕ್ದ. ಒಂದು ಕಾಲದಲ್ಲಿ ಇದೇ ಡೇನಿಯಲ್ ಜೊತೆ ಬ್ಯಾಂಡಲ್ಲಿ ನುಡಿಸ್ತಿದ್ದೋನು, ಅಮೆರಿಕದ 50 ರಾಜ್ಯಕ್ಕೂ ಒಂದೊಂದು ಆಲ್ಬಮ್ ಮಾಡ್ತೀನಿ ಅಂತ ಹೊರಟು, 2003ರಲ್ಲಿ ಮಿಷಿಗನ್ ಮಾಡಿ, 2005ರಲ್ಲಿ ಇಲಿನಾಯ್ ಮಾಡಿ, ಆಮೇಲೆ ಅದೆಲ್ಲ ಪ್ರಚಾರಕ್ಕೆ ಬಿಟ್ಟ ತಮಾಷೆ ಕಣ್ರಪ್ಪ ಅಂದ್ಬಿಟ್ಟ. 48 ಬಾಕಿ. ನಮ್ಮೂರ್ ಕಡೆ ಗುದ್ದಲಿ ಪೂಜೆ ಆಗಿ ನಿಂತೋಗಿರೋ ರಸ್ತೆ ನೋಡಿರೋರಿಗೆ ಇದು ಆಶ್ಚರ್ಯ ಅಲ್ಲ, ಆದ್ರೂ ನ್ಯೂಜೆರ್ಸಿ ಸರದಿ ಬರುತ್ತೇನೋ ಅಂತ ನಾನಿನ್ನೂ ಕಾಯ್ತಿದೀನಿ. ಇಲಿನಾಯ್ ಆಲ್ಬಮ್ಮಲ್ಲಿ ಒಂದು ಟ್ರ್ಯಾಕಿನ ಹೆಸರಲ್ಲಿ 50ಕ್ಕೂ ಜಾಸ್ತಿ ಪದ ಇದೆ. ಅದರಲ್ಲಿ ಮಾತಾಡೋ ಸಾಹಿತ್ಯ ಏನೂ ಇಲ್ಲ, ಹೆಸರಲ್ಲೇ ಖರ್ಚಾಗೋಗಿದೆ.

ಈಗ ಬ್ಲೂಟೂತ್ ವಿಷಯಕ್ಕೆ ಬರ್ತೀನಿ. ಒಂದಿನ ಕನ್ನಡ ಕೂಟದ ರಾಜ್ಯೋತ್ಸವ ಪ್ರಾಕ್ಟೀಸಿಗೆ ಹೆಂಡತಿ ಮೂರು ಜನ ಆಂಟಿಯರನ್ನ ತನ್ನ ಹೊಸ ಕಾರಲ್ಲಿ ಹತ್ತಿಸ್ಕೊಂಡು ಮನೆ ಮುಂದೆ ಸ್ಟಾರ್ಟ್ ಮಾಡಿದ್ದಾಳೆ. ನಾನು ಮೇಲೆ ಬಚ್ಚಲಮನೇಲಿ ಫೋನಲ್ಲಿ ಹಾಡು ಹಾಕ್ಕೊಂಡು ಮುಖಕ್ಕೆ ಸೋಪು ಹಚ್ಚಿದೀನಿ. ಇದ್ದಕ್ಕಿದ್ದಂಗೆ ನನ್ ಹಾಡು ನಿಂತೋಯ್ತು. ಚಾರ್ಜ್ ಹೋಗಿರ್ಬೇಕು ಅನ್ಕೊಂಡೆ. ಹೋಗಿದ್ದು ಚಾರ್ಜಲ್ಲ, ಹಾಡು, ಅದೂ ಕೆಳಗಡೆ ಕಾರೊಳಕ್ಕೆ, ಫುಲ್ ವಾಲ್ಯೂಮಲ್ಲಿ. ಹೆಂಡತಿ ಯಾವ ಬಟನ್ ಒತ್ತಿದ್ರೂ ಮುಂದಿನ ಹಾಡು ಬರ್ತಿದ್ಯಂತೆ, ಅದೂ ಲಾರ್ಡ್ ಅಂತಾನೇ ಶುರುವಾಗ್ತಿತ್ತಂತೆ. ಆಂಟಿಯರು ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಕನ್ನಡ ಕೂಟದಲ್ಲಿ ಒಂದು ಸುದ್ದಿ ಎಡಿಸನ್‌ನಿಂದ ಅರಸೀಕೆರೆಗೆ ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ನಂಗೆ ಅವತ್ತು ಗೊತ್ತಾಯ್ತು, ಹದಿನಾಲ್ಕು ಗಂಟೆ. ಬೆಳಗ್ಗೆ ಚಿಕ್ಕಪ್ಪನ ಫೋನು.

"ಏನೋ, ಮತ ಬದ್ಲಾಯಿಸ್ಬಿಟ್ಯಂತೆ?"

"ಇಲ್ಲ ಚಿಕ್ಕಪ್ಪ, ಹಾಡು ಕೇಳ್ತಿದ್ದೆ ಅಷ್ಟೆ."

"ಹಾಡಲ್ವಂತಲ್ಲೋ, ಯಾರನ್ನೋ ಕಟ್ಟಾಕಿ ಕಿರುಚಿಸ್ತಿದ್ರಂತೆ."

ಸಮಾಧಾನ ಮಾಡೋಣ ಅಂತ ನಾನು ಸೂಫಿಯಾನ್ ಕಥೆ ಹೇಳೋಕೋದೆ, ಇವನು ಮೆತ್ತಗೆ ಬ್ಯಾಂಜೊ ನುಡಿಸ್ಕೊಂಡು ಹಾಡ್ತಾನೆ ಚಿಕ್ಕಪ್ಪ, ಕಿರುಚಲ್ಲ, ಅವನ ಅಪ್ಪ ಅಮ್ಮ ಸುಬುದ್ ಅನ್ನೋ ಇಂಡೋನೇಷ್ಯಾ ಕಡೆಯ ಪಂಥದಲ್ಲಿದ್ರು, ಆ ಗುರುಗಳೇ ಈ ಹೆಸರಿಟ್ಟಿದ್ದು ಅಂತ. ಅದೂ ಸಾಲ್ದು ಅಂತ ಮೀ ವಿತೌಟ್ ಯೂ ಅನ್ನೋ ಫಿಲಡೆಲ್ಫಿಯಾ ಬ್ಯಾಂಡಿನ ವಿಷಯ ಎತ್ತಿದೆ. ಅದು ನಿಜವಾಗ್ಲೂ ಸ್ವಾರಸ್ಯದ ಕಥೆ: ಕ್ರಿಶ್ಚಿಯನ್ ಬ್ಯಾಂಡು ಅಂತ ಹೆಸರು, ಆದ್ರೆ ಅವರ 2009ರ ಆಲ್ಬಮ್ಮಿನ ಉದ್ದನೆಯ ಹೆಸರು ಬಂದಿದ್ದು ಬಾವಾ ಮುಹಿಯದ್ದೀನ್ ಅನ್ನೋ ಶ್ರೀಲಂಕಾದ ಸೂಫಿ ಸಂತರ ಮಾತಿನಿಂದ. ಆ ಬಾವಾ 1971ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು, ತಮಿಳಲ್ಲೇ ಪ್ರವಚನ ಮಾಡಿ, ಅಮೆರಿಕದೋರನ್ನ ಶಿಷ್ಯರನ್ನಾಗಿ ಮಾಡ್ಕೊಂಡಿದ್ರು. ಚಿಕ್ಕಪ್ಪ ಎಲ್ಲಾ ತಾಳ್ಮೆಯಿಂದ ಕೇಳ್ಸ್ಕೊಂಡು, "ಮೂರು ಮತಕ್ಕೆ ಸೇರಿದ್ಯೇನೋ ಒಟ್ಗೆ?" ಅಂದ್ರು. ಮಾರನೇ ವಾರ ಅಮ್ಮ ಆರು ತಿಂಗಳ ವೀಸಾ ಮೇಲೆ ಫ್ಲೈಟ್ ಹತ್ತಿದ್ಲು. ಮೊದ್ಲೇ ಟಿಕೆಟ್ ಬುಕ್ ಆಗಿತ್ತು ಅಂತಾಳೆ, ನಂಗೆ ನಂಬಿಕೆ ಇಲ್ಲ.

ಅಮ್ಮ ಬಂದು ಎರಡು ದಿನ ಮನೆ ತಪಾಸಣೆ ಮಾಡಿದ್ಲು. ದೇವರ ಗೂಡು ಇದೆ, ಗಣೇಶ ಇದಾನೆ, ಎಣ್ಣೆ ಬತ್ತಿ ಇದೆ. ಮೂರನೇ ದಿನ ನನ್ ಫೋನ್ ಇಸ್ಕೊಂಡು ಹಳೇ ಹಾಡು ಹಾಕ್ತೀನಿ ಅಂತ ಕೂತ್ಲು. ಈಗ ಸೋಲ್ ಜಂಕ್ ಅಂತ ಒಂದು ಬ್ಯಾಂಡಿದೆ, ಅವರು ಎಷ್ಟೋ ಹಾಡಲ್ಲಿ ಬೈಬಲ್ಲಿನ ವಾಕ್ಯನ ಒಂದಕ್ಷರ ಬದಲಾಯಿಸ್ದೆ ತಗೊಂಡು ಅದಕ್ಕೆ ಡಬ್ಬ ಬಡಿದಂಗೆ ಮ್ಯೂಸಿಕ್ ಹಾಕ್ತಾರೆ, ಆಲ್ಬಮ್ಮಿಗೆ ಹೆಸರಿಡಲ್ಲ, ಬರೀ ನಂಬರು. ಒಂದರ ಹೆಸರು 1953. ಅಮ್ಮ ಹುಟ್ಟಿದ್ದು 1953. ಪಾಪ ಅವಳು "ನಾನ್ ಹುಟ್ದಾಗಿನ ಹಾಡಿದೆ ಕಣೋ" ಅಂತ ಸಂಭ್ರಮದಿಂದ ಒತ್ತಿದ್ಲು. ನಾನು ಎದ್ದು ಓಡಿಬರೋ ಹೊತ್ತಿಗೆ ಫೋನು ಸೋಫಾ ಕೆಳಗಿತ್ತು. ಕಾಲದ ಮೇಲೇ ಬೇಜಾರು ಮಾಡ್ಕೊಂಡು "ನಾನ್ ಹುಟ್ದಾಗ ಹಿಂಗಿತ್ತಾ?" ಅಂದ್ಲು.

ಇನ್ನು ಮುಚ್ಚಿಡೋದೇನು ಅಂತ ಡೇನಿಯಲ್ಲಿನ ವಿಡಿಯೋನೇ ತೋರಿಸ್ದೆ. ಬ್ಯಾಂಡಿನೋರೆಲ್ಲ ಹಳೇ ಕಾಲದ ಆಸ್ಪತ್ರೆ ನರ್ಸ್ ಯೂನಿಫಾರ್ಮು ಹಾಕ್ಕೊಂಡು ಸ್ಟೇಜಿಗೆ ಬರ್ತಾರೆ, ಗಂಡಸ್ರೂ. "ಯಾರಿಗೋ ಹುಷಾರಿಲ್ಲ?" ಅಂದ್ಲು ಅಮ್ಮ. ಮನುಷ್ಯನ ಮನಸ್ಸಿನ ಗಾಯ ವಾಸಿ ಮಾಡೋದು ದೇವರ ಮಾತು ಅಂತ ತೋರ್ಸೋಕಮ್ಮ ಅಂದೆ. "ಹ್ಞೂಂ, ಆ ದನಿಗೇ ಮೊದ್ಲು ಔಷಧಿ ಕೊಡ್ಬೇಕು." ಆಮೇಲೆ ಡೇನಿಯಲ್ಲು ಮರದ ವೇಷ ಹಾಕಿದ್ದು ಬಂತು. ಮೈತುಂಬ ಎಲೆ, ಕೊಂಬೆ, ಒಂಬತ್ತು ಹಣ್ಣು, ನಡುವೆ ಒಂದು ಮುಖ, ಗಿಟಾರ್. ಬೈಬಲ್ಲಲ್ಲಿ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಬರುತ್ತೆ, ದೇವರಾತ್ಮ ಒಳಗಿದ್ರೆ ಒಂಬತ್ತು ಫಲ ಬಿಡುತ್ತೆ ಅಂತ: ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೇತನ, ನಂಬಿಕೆ, ಸಾಧುತನ, ಸಂಯಮ. ಅಮ್ಮ ಬೆರಳು ಮಡಚಿ ಎಣಿಸ್ಕೊಂಡು, ತಾಳ್ಮೆ ನಿನ್ ಹೆಂಡ್ತಿಗೆ ಬಿಟ್ಟಿದೆ, ಸಂಯಮ ಯಾರಿಗೂ ಬಿಟ್ಟಂಗಿಲ್ಲ ಅಂದ್ಲು. ಆಮೇಲೆ ಇದ್ದಕ್ಕಿದ್ದಂಗೆ ನಗೋಕೆ ಶುರು ಮಾಡಿದ್ಲು. ನಾನು ಮೂರನೇ ಕ್ಲಾಸಲ್ಲಿ ಸ್ಕೂಲ್ ಡೇಗೆ ಮರ ಆಗಿದ್ದೆ. ಮಾತಿಲ್ಲ, ಸುಮ್ನೆ ನಿಂತಿರೋ ಪಾರ್ಟು. ಮೈಗೆ ಕಟ್ಟಿದ್ದ ಮಾವಿನ ಕೊಂಬೇಲಿ ಕೆಂಜಿಗ ಇತ್ತು. ಎರಡನೇ ಸೀನಲ್ಲಿ ಆ ಮರ ರಾಜನನ್ನ ತಳ್ಕೊಂಡು, ಕಿರುಚ್ಕೊಂಡು, ಸ್ಟೇಜಿಂದ ಹಾರಿ ಓಡಿಹೋಗಿತ್ತು. "ಇವನಿಗೂ ಇರುವೆನೇ ಕಚ್ಚಿರೋದು, ನೋಡು, ಅದೇ ದನಿ" ಅಂತ ಕಣ್ಣೊರೆಸ್ಕೊಂಡ್ಲು. ಇಷ್ಟು ವರ್ಷದಲ್ಲಿ ನಾನು ಓದಿರೋ ಯಾವ ವಿಮರ್ಶೆಯಲ್ಲೂ ಆ ಧ್ವನಿಗೆ ಇಷ್ಟು ಸರಿಯಾದ ವಿವರಣೆ ಸಿಕ್ಕಿಲ್ಲ.

ಅಲ್ಲಿಂದ ಅಮ್ಮಂಗೆ ನನ್ ಮೇಲಿದ್ದ ಅನುಮಾನ ಹೋಯ್ತು, ಹಾಡಿನ ಮೇಲಿನ ಸಿಟ್ಟು ಹೋಗ್ಲಿಲ್ಲ. ವಾಪಸ್ ಹೋಗೋಕೆ ಎರಡು ವಾರ ಇದೆ ಅನ್ನುವಾಗ ಫಿಲಡೆಲ್ಫಿಯಾ ತೋರಿಸ್ತೀನಿ ಅಂತ ಹಳೇ ಕಾರಲ್ಲೇ ಹೊರಟೆ. ಅಲ್ಲಿ ಲಿಬರ್ಟಿ ಬೆಲ್ ಇದೆ, ಬಿರುಕು ಬಿಟ್ಟಿರೋ ದೊಡ್ಡ ಗಂಟೆ ಅಂದ್ರೆ, "ಒಡೆದಿರೋ ಗಂಟೆ ನೋಡೋಕೆ ಎರಡು ಗಂಟೆ ಕಾರಾ?" ಅಂದ್ಲು. ಹೇಳ್ಲಿಲ್ಲ, ಆದ್ರೆ ಅಲ್ಲಿಂದ ಇನ್ನೊಂದರ್ಧ ಗಂಟೆ ಹೋದ್ರೆ ಕ್ಲಾರ್ಕ್ಸ್‌ಬರೊ, ಸುಮ್ನೆ ಊರು ಹೆಂಗಿದೆ ಅಂತ ಒಂದು ಸುತ್ತು ಹಾಕೋ ಪ್ಲಾನ್ ಇತ್ತು. ಟರ್ನ್‌ಪೈಕ್ ಅನ್ನೋ ಟೋಲ್ ಹೈವೇ ಹತ್ತಿದ್ಮೇಲೆ ಸಿಡಿ ಹಾಕ್ದೆ, ಅಮ್ಮಂಗೆ ಕಷ್ಟ ಆಗ್ಬಾರ್ದು ಅಂತ ವಾಲ್ಯೂಮ್ ಕಮ್ಮಿ ಇಟ್ಟೆ. ಎಕ್ಸಿಟ್ 8 ದಾಟಿದ್ಮೇಲೆ ಕೀಂ ಶುರುವಾಯ್ತು. ಒಂದ್ಸಲ 90 ಡಾಲರ್ ಕೊಟ್ಟು ಬುದ್ಧಿ ಕಲ್ತೋನು ನಾನು, ತಲೆ ಕೆಡಿಸ್ಕೊಳ್ಳಲಿಲ್ಲ. ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳಾನೂ ಹಾಕ್ದೆ. ತಾಳ ಕೂತ್ಕೊಳ್ತಾ ಇರ್ಲಿಲ್ಲ, ಆದ್ರೆ ಇವರ ತಾಳ ಯಾವತ್ತು ಕೂತಿತ್ತು. ಹಿಂದಿನ ಸೀಟಲ್ಲಿ ಅಮ್ಮ ಬಾಯ್ಬಿಡ್ಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ತಲೆದೂಗಿದ್ಲು.

"ಇವತ್ತು ಪರ್ವಾಗಿಲ್ಲ ಕಣೋ. ಶ್ರುತಿ ಹಿಡ್ಕೊಂಡಿದಾನೆ."

ಐದು ತಿಂಗಳಲ್ಲಿ ಮೊದಲನೇ ಸಲ ಕಣ್ರೀ. ಗಂಟಲು ತುಂಬಿ ಬಂತು. ಇನ್ನೂ ಚೆನ್ನಾಗಿ ಕೇಳ್ಲಿ ಅಂತ ವಾಲ್ಯೂಮ್ ಜಾಸ್ತಿ ಮಾಡ್ದೆ. ಡೇನಿಯಲ್ಲು ಜೋರಾದ, ಕೀಂ ಅನ್ನೋದು ಮಾತ್ರ ಎಷ್ಟಿತ್ತೋ ಅಷ್ಟೇ ಇತ್ತು. ಇಬ್ರೂ ಬೇರೆ ಬೇರೆ ಹಾಡ್ತಿದಾರೆ ಅಂತ ನಂಗೆ ಅರ್ಥ ಆಗೋಕೂ, ಮುಂದ್ಗಡೆ ಫಟ್ ಅಂತ ಸದ್ದಾಗೋಕೂ ಸರಿಹೋಯ್ತು. ಬ್ಯಾಟರಿ ಲೈಟ್ ಕೆಂಪಗೆ ಹತ್ಕೊಳ್ತು, ಸ್ಟೀರಿಂಗ್ ಒರಳುಕಲ್ಲಿನ ಥರ ಭಾರ ಆಯ್ತು, ಟೆಂಪರೇಚರ್ ಮುಳ್ಳು ಏರೋಕೆ ಶುರುವಾಯ್ತು. ಹೆಂಗೋ ಎಳೆದು ಎಕ್ಸಿಟ್ 7 ಹತ್ರ ಬದಿಗೆ ತಂದು ನಿಲ್ಸಿ, ಆಫ್ ಮಾಡ್ದೆ. ಸಿಡಿಯೂ ನಿಂತೋಯ್ತು. ಲಾರಿಗಳು ಜುಂಯ್ ಅಂತ ಪಕ್ಕದಲ್ಲಿ ಹೋಗ್ತಿದ್ವು. ಟೋ ಟ್ರಕ್ಕಿನೋರಿಗೆ ಫೋನ್ ಹಚ್ಚಿ ನಾನು ಹೋಲ್ಡಲ್ಲಿ ಕಾಯ್ತಿದ್ರೆ ಅಮ್ಮ ಹಿಂದಿನಿಂದ ಹೆಗಲು ತಟ್ಟಿದ್ಲು.

"ಪಾಪ, ಚೆನ್ನಾಗ್ ಹಾಡ್ತಿದ್ದ. ಯಾಕೋ ನಿಲ್ಸ್ಬಿಟ್ಟ?"