ಕೋಚ್ ‘ಗೊತ್ತಿಲ್ಲ’ ಅಂದರೆ ಗಂಟೇನು ಹೋಯ್ತು?

ಡೆನ್ಮಾರ್ಕಿನ ಬ್ಯಾಡ್ಮಿಂಟನ್ ಕ್ಲಬ್ಬೊಂದಕ್ಕೆ ಮಗಳನ್ನು ಸೇರಿಸಿದ ಹೊಸತು. ಒಂದು ಸಂಜೆ ತರಬೇತಿಯ ನಡುವೆ ಆಟ ನಿಲ್ಲಿಸಿ ಕೇಳಿಬಿಟ್ಟಳು: "ಹೇಗೆ ಹೊಡೆದರೂ ಶಟಲ್‌ನ ಬೆಂಡೇ ಮುಂದಾಗಿ ಬರುತ್ತಲ್ಲ, ಯಾಕೆ?" ಬೆಂಚಿನ ಮೇಲೆ ಕೂತಿದ್ದ ನನಗೆ ಮುಜುಗರ. ಇದೆಂಥ ಅಧಿಕಪ್ರಸಂಗ ಎಂದು ಕಣ್ಣಲ್ಲೇ ಗದರಿದೆ. ಕೋಚ್ ಮಾತ್ರ "ನನಗೂ ಪೂರ್ತಿ ಗೊತ್ತಿಲ್ಲ, ನೋಡೋಣ" ಎಂದವನೇ ಹಳೇ ಶಟಲ್‌ಗಳ ಡಬ್ಬ ತಂದು ನೆಲಕ್ಕೆ ಸುರಿದ.

ಆಮೇಲೆ ಎಷ್ಟೋ ಹೊತ್ತು ಯಾರೂ ರಾಕೆಟ್ ಮುಟ್ಟಲಿಲ್ಲ. ಮಕ್ಕಳು ಕುರ್ಚಿ ಹತ್ತಿ, ಗರಿ ಕೆಳಗಾಗಿ ಹಿಡಿದು ಶಟಲ್ ಬಿಟ್ಟರು. ಬೆಂಡಿನ ಭಾರ ಮುಂದಕ್ಕೆ ಜಗ್ಗಿ, ಗರಿಗಳನ್ನು ಗಾಳಿ ಹಿಂದಕ್ಕೆ ತಡೆದು, ನಡುದಾರಿಯಲ್ಲೇ ಮಗುಚಿಕೊಂಡಿತು. ಒಬ್ಬ ಹುಡುಗ ಒಂದೇ ಬದಿಯ ಗರಿಗಳನ್ನು ಕಿತ್ತು ಹೊಡೆದ. ಅದು ಕುಡುಕನ ಹಾಗೆ ತೂರಾಡಿಕೊಂಡು ಹೋಯಿತು, ಎಲ್ಲರಿಗೂ ನಗು. 16 ಗರಿಗಳೂ ಒಂದರ ಮೇಲೊಂದು ಒಂದೇ ದಿಕ್ಕಿಗೆ ಒರಗಿರುವುದರಿಂದ ಶಟಲ್ ಹಾರುವಾಗ ತಾನಾಗಿ ತಿರುಗುತ್ತದೆ ಎಂಬುದನ್ನು ಕೋಚ್ ಗರಿಗಳ ಮೇಲೆ ಬೆರಳಾಡಿಸಿ ತೋರಿಸಿದ. "ಹಾಗಾದರೆ ಈ ಕಡೆಯಿಂದ ಸವರಿ ಹೊಡೆದರೂ ಆ ಕಡೆಯಿಂದ ಸವರಿ ಹೊಡೆದರೂ ಒಂದೇನಾ?" ಈ ಪ್ರಶ್ನೆ ಅವನದೇ. ಆಗ ಎಲ್ಲರೂ ರಾಕೆಟ್ ಹಿಡಿದು ಅಂಕಣಕ್ಕಿಳಿದರು. ಸ್ಲೈಸ್ ಹೊಡೆತದ ಪಾಠ ಶುರುವಾಗಿದೆ ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತೇ ಆಗಲಿಲ್ಲ.

ನಾನು ಊರಲ್ಲಿ ಕಲಿತ ಕ್ರಮವೇ ಬೇರೆ. ಸ್ಮ್ಯಾಶ್‌ಗೆ ಮೊಣಕೈ ಅಷ್ಟು ಮೇಲೆ ಯಾಕಿರಬೇಕು ಎಂದು ಕೇಳಿದ ಗೆಳೆಯನಿಗೆ ಸಿಕ್ಕ ಉತ್ತರ ಮೈದಾನದ ಸುತ್ತ ಓಟ. "ಹೇಳಿದಷ್ಟು ಮಾಡು" ಎಂಬ ಒಂದೇ ಮಂತ್ರದಲ್ಲಿ ಇಡೀ ಕ್ಯಾಂಪ್ ಮುಗಿಯುತ್ತಿತ್ತು. ಅಪ್ಪ ಅಮ್ಮಂದಿರೂ ಅದೇ ಪಕ್ಷ: ಸರ್ ಹತ್ತಿರ ಎದುರು ಮಾತಾಡಬೇಡ. ರಜೆಗೆ ಹೋದಾಗ ಈಗಲೂ ನೋಡುತ್ತೇನೆ. ಅಂಕಣಗಳು ಮಿರುಗುತ್ತವೆ, ಬೂಟುಗಳು ದುಬಾರಿಯಾಗಿವೆ, ಪ್ರಶ್ನೆ ಕೇಳಿದ ಮಗುವಿನ ಕಡೆ ತಿರುಗುವ ಮುಖ ಮಾತ್ರ ಹಳೆಯದೇ.

ನನ್ನ ತಕರಾರು ಮಕ್ಕಳ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂಬುದಕ್ಕಿಂತ, ನಮ್ಮ ಕೋಚುಗಳಿಗೇ ಪ್ರಶ್ನೆಗಳಿಲ್ಲ ಎಂಬುದು. ಇಲ್ಲಿನ ಕೋಚ್ ನೆಟ್ ಬಳಿ ರಾಕೆಟ್ಟನ್ನು ವಿಚಿತ್ರವಾಗಿ ಹಿಡಿಯುವ ಹುಡುಗಿಯನ್ನು ತಿದ್ದುವ ಮೊದಲು, "ಹಾಗೆ ಹಿಡಿದರೆ ನಿನಗೇನು ಸುಲಭ?" ಎಂದು ವಿಚಾರಿಸುತ್ತಾನೆ. ಒಮ್ಮೊಮ್ಮೆ ತಿದ್ದದೆ ಬಿಟ್ಟೂ ಬಿಡುತ್ತಾನೆ. ನಮ್ಮಲ್ಲಾದರೆ ಪುಸ್ತಕದ ಹಿಡಿತ ಬಿಟ್ಟು ಬೇರೆ ಹಿಡಿತ ಹಿಡಿದವನಿಗೆ ಉಳಿಗಾಲವಿಲ್ಲ. ಅದೂ ಯಾವ ನಾಡಿನಲ್ಲಿ? ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಸ್ಪಿನ್ ಬೌಲಿಂಗ್ ಮಾಡಿ, ಅದನ್ನೂ ಸ್ಪಿನ್ನರಿಗೆ ತಕ್ಕದ್ದಲ್ಲದ ವೇಗದಲ್ಲಿ ಎಸೆದು, 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದ ಮೊದಲ ಸರಣಿ ಗೆಲ್ಲಿಸಿಕೊಟ್ಟ ಚಂದ್ರಶೇಖರ್ ನಾಡಿನಲ್ಲಿ! ಇವತ್ತಿನ ಬೇಸಿಗೆ ಶಿಬಿರಕ್ಕೆ ಅಂಥ ಹುಡುಗ ಬಂದರೆ ಮೊದಲ ದಿನವೇ ಕೈ ಬದಲಾಯಿಸು ಅಂದಾರು.

ಪ್ರಕಾಶ್ ಪಡುಕೋಣೆ ಅವರನ್ನೇ ನೋಡಿ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ, ಸ್ಮ್ಯಾಶ್‌ಗೆ ಹೆಸರಾದ ಲಿಮ್ ಸ್ವೀ ಕಿಂಗ್ ಎದುರು ಬಲಕ್ಕೆ ಬಲ ಕೊಡಲು ಹೋಗದೆ ಆಟದ ಗತಿಯನ್ನೇ ತಮಗೆ ಬೇಕಾದಂತೆ ಕುಣಿಸಿ ಗೆದ್ದವರು. ಗೆದ್ದ ಮೇಲೆ ಬಂದು ಆಡಿದ್ದು ಇದೇ ಕೋಪನ್‌ಹೇಗನ್ನಿನಲ್ಲಿ. ಇನ್ನು ಈ ಡೇನರೋ, ಕೆಣಕಿ ನೋಡದೆ ಏನನ್ನೂ ಬಿಡುವವರಲ್ಲ. 2023ರಲ್ಲಿ ಮಾರ್ಕಸ್ ರಿಂಡ್‌ಶೋಯ್ ಎಂಬ ಡಬಲ್ಸ್ ಆಟಗಾರ ಸರ್ವ್‌ಗೆ ಮೊದಲು ಶಟಲನ್ನು ಬೆರಳಲ್ಲೇ ಗಿರ್ರನೆ ತಿರುಗಿಸಿ ಬಿಟ್ಟು ಹೊಡೆಯತೊಡಗಿದ. ಎದುರಾಳಿಗಳು ತಬ್ಬಿಬ್ಬಾದರು, ವಿಶ್ವ ಒಕ್ಕೂಟ ಅದನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ, ಎಷ್ಟೋ ಕಾಲದಿಂದ ಎಲ್ಲರ ಕೈಯಲ್ಲೂ ಇದ್ದ ಗರಿಗಳನ್ನು ತಿರುಗಿಸಿ ನೋಡೋಣ ಎಂದು ಒಬ್ಬನಿಗೆ ಅನಿಸಿತಲ್ಲ, ನನಗೆ ಅದು ದೊಡ್ಡದು.

ಇಷ್ಟು ಹೊಗಳಿದ ಮೇಲೆ ಒಪ್ಪಿಕೊಳ್ಳಲೇಬೇಕಾದ್ದೂ ಒಂದಿದೆ. ಗೋಪಿಚಂದ್ ಗರಡಿ ಶಿಸ್ತಿಗೇ ಹೆಸರಾದದ್ದು. 2016ರ ಒಲಿಂಪಿಕ್ಸ್‌ಗೆ ಮುಂಚೆ ಸಿಂಧು ಕೈಯಿಂದ ತಿಂಗಳುಗಟ್ಟಲೆ ಫೋನೇ ಕಸಿದಿಟ್ಟಿದ್ದ ಗುರು ಅವರು. ಆಕೆ ಅಲ್ಲಿಂದ ಬೆಳ್ಳಿ ತಂದಳು. ಒಂದು ಅಂಕಣದಲ್ಲಿ ಹಿಂಡು ಮಕ್ಕಳನ್ನು ನಿಲ್ಲಿಸಿಕೊಂಡ ನಮ್ಮ ಕೋಚ್ ಪ್ರತಿಯೊಬ್ಬರಿಗೂ ಶಟಲ್ ಬಿಚ್ಚಿ ತೋರಿಸುತ್ತ ಕೂತರೆ ಆಟ ಆಡಿಸುವುದು ಯಾವಾಗ? ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ, ಆಟದ ಜೊತೆಗೆ ಚೀನಿ ಭಾಷೆಯನ್ನೂ ಕಲಿತ ಇಲ್ಲಿನ ವಿಕ್ಟರ್ ಆಕ್ಸೆಲ್ಸನ್ ಕೂಡ ಬರೀ ಕುತೂಹಲದಿಂದ ಅಲ್ಲಿಗೆ ಮುಟ್ಟಿದವನಲ್ಲ, ಅದೇ ಮೂಲೆಗೆ ಅದೇ ಹೆಜ್ಜೆಯನ್ನು ಲೆಕ್ಕವಿಲ್ಲದಷ್ಟು ಸಲ ಇಟ್ಟವನು. ನಮ್ಮ ಕ್ಲಬ್ಬಿನಲ್ಲಿ ಆ ಹೆಜ್ಜೆಗೆ ಅಷ್ಟು ಒತ್ತು ಇಲ್ಲ. ಮಗಳು ಹಿಂದಿನ ಬ್ಯಾಕ್‌ಹ್ಯಾಂಡ್ ಮೂಲೆಗೆ ಇವತ್ತಿಗೂ ತಡವಾಗಿಯೇ ಮುಟ್ಟುತ್ತಾಳೆ. ಯಾಕೆ ತಡವಾಯಿತು ಎಂದು ಮಾತ್ರ ಬಹಳ ಚೆನ್ನಾಗಿ ವಿವರಿಸುತ್ತಾಳೆ.