ದೇವಸ್ಥಾನದ ಮುಂದೆ ಕಣ್ಣು ಹೊಡೆದ ಕಾರು

ಶನಿವಾರ ಉಗುರಿನ ಸಂದಿಗೆ ಸೇರಿದ ಗ್ರೀಸು ಇವತ್ತಿಗೂ ಹೋಗಿಲ್ಲ. ಸಾರನ್ನ ಕಲಸುವಾಗೆಲ್ಲ ಆ ಕಪ್ಪು ಕಾಣುತ್ತದೆ, ಕಂಡಾಗೆಲ್ಲ ಸಿಟ್ಟು ಬರುತ್ತದೆ. "ಸಿಟ್ಟು ಕಾರಿನ ಮೇಲಾ, ನಮ್ಮಪ್ಪನ ಮೇಲಾ?" ಅಂತ ಹೆಂಡತಿ ಕೇಳಿದಳು. ತಟ್ಟೆಯಲ್ಲಿ ಇನ್ನೂ ಅನ್ನ ಇತ್ತು, ನಾನು ಬಾಯಿ ಬಿಡಲಿಲ್ಲ.

ನನ್ನದು 1991ರ ಜಪಾನಿ ಕಾರು, ಎರಡೇ ಸೀಟು. ನ್ಯೂಜೆರ್ಸಿಯ ಮಿಕ್ಕ ಕನ್ನಡಿಗರೆಲ್ಲ ಏಳು ಸೀಟಿನ ವ್ಯಾನಿನಲ್ಲಿ ಅಕ್ಕಿಮೂಟೆ ಹೇರಿಕೊಂಡು ಓಡಾಡುವಾಗ ನಾನು ಇದನ್ನು ಕೊಂಡದ್ದು ಇದರ ಕಣ್ಣಿಗೆ ಮರುಳಾಗಿ. ಹಗಲು ಹೊತ್ತು ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಮಲಗಿರುತ್ತವೆ. ಸ್ವಿಚ್ ಹಾಕಿದರೆ ಗುಂಯ್ ಅಂತ ಎದ್ದು ಕೂರುತ್ತವೆ, ಥೇಟ್ ಕಪ್ಪೆ. ಬರೀ ಶೋಕಿ ಅಂತಲೂ ಅಲ್ಲ. ಹೆಡ್‌ಲೈಟು ನೆಲದಿಂದ 22 ಇಂಚಾದರೂ ಮೇಲಿರಬೇಕು ಅನ್ನುವುದು ಇಲ್ಲಿನ ಕಾನೂನು, ಕಾರಿನ ಮೂತಿ ಅದಕ್ಕೂ ತಗ್ಗಿರಬೇಕು ಅನ್ನುವುದು ಕಾರು ರೂಪಿಸುವವರ ಹಟ. ಜಗಳ ಬಗೆಹರಿಸಿದ್ದು ಈ ಏಳುವ-ಬೀಳುವ ದೀಪ. 1936ರ ಕಾರ್ಡ್ 810 ಅನ್ನುವ ಅಮೆರಿಕದ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಹಿಡಿಕೆಯನ್ನು ಕೈಯಲ್ಲೇ ತಿರುವಿ ದೀಪ ಎಬ್ಬಿಸಬೇಕಿತ್ತು. ಆಮೇಲೆ ಮೋಟರ್ ಬಂತು, ಪೀಡೆಯೂ ಬಂತು. 2004ರಲ್ಲಿ ಕಾರ್ವೆಟ್ಟು, ಲೋಟಸ್ ಎಸ್ಪ್ರಿ ಕಾರುಗಳ ಜೊತೆ ಈ ವಂಶವೇ ಮುಗಿಯಿತು. ಉಳಿದಿರುವ ಮುದಿ ಕಣ್ಣುಗಳಿಗೆ ನನ್ನಂಥವರೇ ಗತಿ.

ಮಾವ ತುಮಕೂರಿನಿಂದ ಬಂದು ಎರಡು ತಿಂಗಳಾಯಿತು. ಅವರಿಗೊಂದು ಅಭ್ಯಾಸ. ಯಾವ ಯಂತ್ರ ಕೆಟ್ಟರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ ಬಲಗೈ ಮುಂದೆ ತಂದು ಒಂದು ತಟ್ಟುತ್ತಾರೆ. ಹಳೆಯ ಟಿವಿಗೆ ಅಂಗೈ ಅಗಲಿಸಿ ಪಕ್ಕೆಗೆ. ರೇಡಿಯೊಗೆ ತಲೆಯ ಮೇಲೆ, ಮಗುವಿಗೆ ತಟ್ಟಿದ ಹಾಗೆ. ಮಿಕ್ಸಿಗೆ ಕೆಳಗಿನಿಂದ. ಫೋನ್ ಹ್ಯಾಂಗ್ ಆದರೆ ಅದನ್ನೂ ತೊಡೆಗೆ ಬಡಿದುಕೊಳ್ಳುತ್ತಾರೆ. ಅವರು ಬಂದಾಗಿನಿಂದ ನಮ್ಮ ಮನೆಯ ವೈಫೈ ಡಬ್ಬ ಎರಡು ಸಲ ಗೋಡೆಯಿಂದ ಕೆಳಗೆ ಬಿದ್ದಿದೆ.

ಶುಕ್ರವಾರ ಸಂಜೆ ಬ್ರಿಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಹೆಂಗಸರು ದೊಡ್ಡ ಕಾರಿನಲ್ಲಿ, ನಾನು ಮಾವ ಇದರಲ್ಲಿ. ದರ್ಶನ ಆಯಿತು. ಮಾವ ಪ್ರಸಾದಕ್ಕೆ ನಿಂತರು, ನಾನು ಕಾರು ತಿರುಗಿಸಿಡೋಣ ಅಂತ ಬಂದು ದೀಪ ಹಾಕಿದೆ. ಬಲಗಣ್ಣು ಎದ್ದು ನಿಂತಿತು. ಎಡಗಣ್ಣು ಎದ್ದಿತು, ಮಲಗಿತು, ಮತ್ತೆ ಎದ್ದಿತು. ಗುಂಯ್-ಟಕ್, ಗುಂಯ್-ಟಕ್. ಎದುರಿಗೇ ಮೂತಿಗೆ ಮೂತಿ ತಾಗುವ ಹಾಗೆ ನಿಂತಿದ್ದ ಕಾರಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು, ರೇಷ್ಮೆ ಸೀರೆ, ತಲೆ ತುಂಬ ಹೂವು. ನನ್ನ ಕಾರು ಅವರಿಗೆ ಕಣ್ಣು ಹೊಡೆಯತೊಡಗಿತು. ದೀಪ ಆರಿಸಿದೆ, ಬೆಳಕು ಹೋಯಿತು, ಹೊಡೆಯುವುದು ನಿಲ್ಲಲಿಲ್ಲ. ಕೀ ತೆಗೆದೆ, ಊಹೂಂ. ಆಕೆ ಮೊದಲು ಹಿಂದೆ ತಿರುಗಿ ನೋಡಿದರು, ಇನ್ಯಾರಿಗಾದರೂ ಇರಬಹುದು ಅಂತ. ಆಮೇಲೆ ಕನ್ನಡಕ ಹಾಕಿಕೊಂಡರು. ನಾನು ಗಾಜಿನೊಳಗಿನಿಂದಲೇ ಕೈಮುಗಿದೆ. ಅದು ಇನ್ನೂ ಕೆಟ್ಟದ್ದಾಗಿ ಕಂಡಿರಬೇಕು. ಅಷ್ಟರಲ್ಲಿ ಅವರ ಯಜಮಾನರು ಬಂದರು, ನನ್ನ ಕಾರನ್ನೂ ಹೆಂಡತಿಯನ್ನೂ ಒಂದೊಂದು ಸಲ ನೋಡಿದರು.

ಬಾನೆಟ್ಟು ಎತ್ತಿ ಫ್ಯೂಸು ಹುಡುಕುತ್ತಿದ್ದೆ. ಮುಚ್ಚಳದ ಮೇಲಿನ ಅಕ್ಷರಗಳೆಲ್ಲ ಎಂದೋ ಅಳಿಸಿಹೋಗಿವೆ. ಎಡಗೈಯಲ್ಲಿ ಪುಳಿಯೋಗರೆ ಹಿಡಿದು ಮಾವ ಬಂದರು. ನಿಂತರು. ನೋಡಿದರು. "ಒಂದ್ನಿಮಿಷ ಸರೀರಿ ಅಳಿಯಂದ್ರೇ" ಅಂದವರೇ ಒಂದು ತಟ್ಟಿದರು. ಕಣ್ಣು ಅರ್ಧಕ್ಕೆ ನಿಂತಿತು. ರಾತ್ರಿ ಹತ್ತು ಗಂಟೆಯ ಬಾರ್ ಗಿರಾಕಿಯ ಕಣ್ಣು. "ನೋಡಿ, ನಿಲ್ತಲ್ಲ!" ಅಂದರು.

ಒಂದೇ ಕಣ್ಣಲ್ಲಿ ಮನೆ ಸೇರಿದೆವು. ಗ್ಯಾರೇಜಿನವರಿಗೆ ಫೋನ್ ಮಾಡಿದರೆ ಬರೀ ಕೂಲಿಯೇ ನಾನು ಕಾರಿಗೆ ಕೊಟ್ಟ ದುಡ್ಡಿನ ಹತ್ತಿರ ಬಂತು. ಹಾಗಾಗಿ ಶನಿವಾರ ನಾನೇ ಕೂತೆ. ಈ ಮೋಟರ್ ತಿರುಗುವುದು ಒಂದೇ ದಿಕ್ಕಿಗೆ. ಅರ್ಧ ಸುತ್ತಿಗೆ ರೆಪ್ಪೆ ಏಳುತ್ತದೆ, ಇನ್ನರ್ಧಕ್ಕೆ ಬೀಳುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಒಳಗಿನ ತಾಮ್ರದ ಪಟ್ಟಿ ಹೇಳುತ್ತದೆ. ಪಟ್ಟಿ ಒಂದು ಕಡೆ ತುಂಡಾಗಿದೆ, ಆ ಜಾಗ ಬಂದಾಗ ಕರೆಂಟು ಕಡಿದು ಮೋಟರ್ ನಿಲ್ಲಬೇಕು. ಮೂವತ್ತು ವರ್ಷದ ಗ್ರೀಸು ತಾಮ್ರದ ಪುಡಿಯ ಜೊತೆ ಸೇರಿ ಆ ತೆರಪನ್ನು ಮುಚ್ಚಿಬಿಟ್ಟಿತ್ತು. ಪಾಪ, ಅದಕ್ಕೆ ನಿಲ್ಲುವ ಜಾಗವೇ ಗೊತ್ತಾಗುತ್ತಿರಲಿಲ್ಲ.

ಇಷ್ಟು ತಿಳಿಯಲು ಮೂರು ಸ್ಕ್ರೂ ಬಿಚ್ಚಬೇಕು. ನೋಡಲು ನಮ್ಮ ಸ್ಟಾರ್ ಸ್ಕ್ರೂ ಹಾಗೇ ಇದೆ, ಆದರೆ ಜಪಾನಿನ ಅಳತೆ ಬೇರೆ. ಸಾಮಾನ್ಯ ಸ್ಕ್ರೂಡ್ರೈವರ್ ಕೂರುವುದಿಲ್ಲ, ತಲೆ ಸವೆದುಹೋಗುತ್ತದೆ. ಒಂದರ ತಲೆ ಸವೆಸಿದ ಮೇಲೆ ನನಗೆ ಇದು ಗೊತ್ತಾಯಿತು. ಅದೊಂದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಮಾವ ಕೈಕಟ್ಟಿ ನಿಂತೇ ಇದ್ದರು. "ಇನ್ನೊಂದು ತಟ್ಟಿದ್ರೆ ಆಗ್ತಿತ್ತು."

ಮುಚ್ಚಳ ತೆಗೆದಾಗ ಸುಟ್ಟ ವಾರ್ನಿಷ್ಷಿನ ವಾಸನೆ ಬಂತು. ತಿಪಟೂರಿನ ವೈಂಡಿಂಗ್ ಅಂಗಡಿಯದೂ ಇದೇ ವಾಸನೆ. ತೋಟದ ಪಂಪಿನ ಮೋಟರ್ ಸುಟ್ಟಾಗೆಲ್ಲ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತಿದ್ದರು, ನಾನು ಕಾಯಲು ಜೊತೆಗೆ. ಅಂಗಡಿಯವರು ತಂತಿ ಸುತ್ತುತ್ತಾ ತುಟಿಯಲ್ಲೇ ಎಣಿಸುತ್ತಿದ್ದರು. ನಡುವೆ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ ಅಂತ ಅಪ್ಪನೂ ಉಸಿರು ಹಿಡಿದು ಕೂರುತ್ತಿದ್ದರು. ಇಲ್ಲಿ ಹಾಗೆ ಉಸಿರು ಹಿಡಿದು ಕೂರಲು ಅಂಗಡಿಯೇ ಇಲ್ಲ.

ಹಳೆ ಟೂತ್‌ಬ್ರಷ್, ಸ್ಪಿರಿಟ್ಟು, ಮಗಳ ಪೆನ್ಸಿಲ್ ರಬ್ಬರಿನಿಂದ ತಾಮ್ರ ಉಜ್ಜಿದೆ. ಹೊಸ ಗ್ರೀಸು ಸವರಿ, ಮೋಟರಿನ ತಲೆಯ ಗುಂಡಿಯನ್ನು ಕೈಯಲ್ಲೇ ತಿರುವಿ ನೋಡಿ, ಆಮೇಲೆ ಫ್ಯೂಸು ಹಾಕಿದೆ. ಗುಂಯ್. ಎರಡೂ ಎದ್ದವು. ಗುಂಯ್. ಎರಡೂ ಮಲಗಿದವು. ನಾಲ್ಕೂವರೆ ಗಂಟೆಯ ಕೆಲಸ. ಯಾರಾದರೂ ಒಂದು ಮಾತು ಹೇಳಲಿ ಅಂತ ತಿರುಗಿ ನೋಡಿದರೆ ಮಾವ ಇರಲಿಲ್ಲ.

ಒಳಗೆ ಸೋಫಾದ ಮೇಲೆ ಕೂತು ತುಮಕೂರಿಗೆ ವಿಡಿಯೊ ಕಾಲ್ ಮಾಡುತ್ತಿದ್ದರು. "ಅಳಿಯಂದ್ರು ಬೆಳಗಿಂದ ಬಿಚ್ತಾನೇ ಇದ್ರು ಕಣಯ್ಯ, ಪಾಪ. ನಾನು ನಿನ್ನೇನೇ ಒಂದು ತಟ್ಟಿ ಸಡಿಲ ಮಾಡಿದ್ದೆ, ಅದಕ್ಕೇ ಇವತ್ತು ಸರಿಹೋಯ್ತು."

ಇವತ್ತು ಬೆಳಿಗ್ಗೆ ಡಿಶ್‌ವಾಷರಿನಿಂದ ನೀರು ಸೋರುತ್ತಿದೆ ಅಂತ ಹೆಂಡತಿ ಕೂಗಿದಳು. ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ಮಾವ ಅದರ ಮುಂದೆ ನಿಂತಿದ್ದರು, ಎರಡೂ ಕೈ ಬೆನ್ನ ಹಿಂದೆ.