ಕಿಲೋಮೀಟರ್ ಬಿಡಿ, ಗಂಟೆ ನೋಡಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಫೋನಿನಲ್ಲಿ ಹುಡುಕಿದರೆ ಸುಮಾರು 14,000 ಕಿಲೋಮೀಟರ್ ಅಂತ ಬರುತ್ತದೆ. ಪಕ್ಕದಲ್ಲೇ ಪ್ರಯಾಣದ ಸಮಯವೂ ಇರುತ್ತದೆ. ಎಷ್ಟೋ ಕಡೆ ಅದು ದೂರವನ್ನು ವಿಮಾನದ ವೇಗದಿಂದ ಸುಮ್ನೆ ಭಾಗಿಸಿ ಬರೆದ ಲೆಕ್ಕ. ಈ ಲೆಕ್ಕ ಬಸ್ಸಿಗೇ ನಡೆಯಲ್ಲ, ಸಿಲ್ಕ್ ಬೋರ್ಡ್ ದಾಟಿದವರನ್ನು ಕೇಳಿ!

ಆ 14,000 ಎಲ್ಲಿಂದ ಬಂತು? ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಲಂಡನ್ ಕಡೆಗೂ ಹೋಗಲ್ಲ, ಟೋಕಿಯೋ ಕಡೆಗೂ ಹೋಗಲ್ಲ. ಉತ್ತರ ಧ್ರುವದ ಕಡೆಗೆ ಏರಿ, ರಷ್ಯಾದ ಸೈಬೀರಿಯಾದ ಮೇಲೆ ಹಾದುಹೋಗುತ್ತದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಧ್ರುವದ ಮೇಲಿಂದಲೇ ಬಂದು, 11ರ ಬೆಳಗಿನ ಜಾವ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್. ಜೊತೆಗಿದ್ದ ಪೈಲಟ್‌ಗಳೂ ಮಹಿಳೆಯರೇ. ಸುಮಾರು 17 ಗಂಟೆಯ ಹಾರಾಟ.

ಹಾಗಂತ ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಅಂದುಕೊಳ್ಳಬೇಡಿ. ನನಗೆ ಭಾರಿ ಇಷ್ಟವಾದ ಉದಾಹರಣೆ ಇದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾದವರು ಮೊದಲು ಅಟ್ಲಾಂಟಿಕ್ ದಾಟಿ ಹೋಗುತ್ತಿದ್ದರು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರಿನಲ್ಲಿ ದಿಕ್ಕು ಬದಲಿಸಿ ಪೆಸಿಫಿಕ್ ಮೇಲೆ ಹೋದರು. 15,300 ಕಿಲೋಮೀಟರ್! ಆದರೂ ಹದಿನಾಲ್ಕೂವರೆ ಗಂಟೆಗೆ ಮುಟ್ಟಿತು, ಹಳೇ ದಾರಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಬೇಗ. ಗಾಳಿಯ ಕೆಲಸ ಅದು. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಪೂರ್ವಕ್ಕೆ ಹೊರಟರೆ ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೊರಟರೆ ಎದುರು ನಿಲ್ಲುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಸಮಯ ಬೇರೆ ಬೇರೆ ಇರುವುದು ಇದಕ್ಕೇ.

ಗಾಳಿಯ ಮೇಲೆ ರಾಜಕೀಯ ಬೇರೆ. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಗಂಟೆ ಚಿಲ್ಲರೆಯ ದಾರಿ ಹದಿಮೂರು ಗಂಟೆಯಾಯಿತು. ಊರುಗಳು ಒಂದಿಂಚೂ ಸರಿದಿರಲಿಲ್ಲ, ಅಲ್ವಾ? 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರೂ ಸುತ್ತು ಹಾಕಬೇಕಾಯಿತು.

ಹಾಗಾಗಿ ಅಪ್ಪ ಅಮ್ಮನನ್ನು ಅಮೆರಿಕಾಕ್ಕೆ ಕರೆಸಿಕೊಳ್ಳುವವರು ದೂರದ ಲೆಕ್ಕ ಬಿಟ್ಟು ಟಿಕೆಟ್ಟಿನಲ್ಲಿರುವ ಒಟ್ಟು ಅವಧಿ ನೋಡಿ. ಹೊರಡುವ, ಇಳಿಯುವ ಗಡಿಯಾರದ ಸಮಯ ನೋಡಿ ಕಳೆಯುವುದಂತೂ ಬೇಡವೇ ಬೇಡ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಹನ್ನೆರಡೂವರೆ.

ಇನ್ನು, ನೇರ ವಿಮಾನವೇ ಮೇಲು ಅನ್ನುವ ಹಟವೂ ನನಗಿಲ್ಲ. ಮಂಡಿ ನೋವಿರುವವರಿಗೆ ಹದಿನಾರು ಗಂಟೆ ಒಂದೇ ಸೀಟು ಕಷ್ಟ. ನಡುವೆ ಮೂರು ಗಂಟೆ ಇಳಿದು ಓಡಾಡಿದರೆ ಹಗುರ. ಹತ್ತು ಸಾವಿರ ಉಳಿಯುತ್ತದೆ ಅಂತ ಹನ್ನೆರಡು ಗಂಟೆ ಕಾಯುವ ಟಿಕೆಟ್ ಮಾತ್ರ ಹಿರಿಯರಿಗೆ ಹಾಕಬೇಡಿ. ವೀಲ್‌ಚೇರ್ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ಕೇಳಿಬಿಡಿ.